ಊರು ಖಾಲಿಯಾದರೆ ಕಂದಾಯ ಕಟ್ಟುವವರು ಯಾರು? ಮದ್ರಾಸಿನ ಕೋಟೆಗೆ ಬಳ್ಳಾರಿ ರೈತರ ಕಷ್ಟ ತಿಳಿಸಿದ ಥಾಮಸ್ ಮನ್ರೋ

ಚೆನ್ನೈನ ಐಲೆಂಡ್ ಮೈದಾನದ ಬಳಿ, ರಸ್ತೆಯ ನಡುವೆ ಕುದುರೆ ಏರಿ ಕುಳಿತ ಬ್ರಿಟಿಷ್ ಅಧಿಕಾರಿಯೊಬ್ಬರ ದೊಡ್ಡ ಕಂಚಿನ ಪ್ರತಿಮೆ ಇದೆ. ಸವಾರನ ಕಾಲಿಗೆ ರಿಕಾಪು ಇಲ್ಲ ಎಂಬ ಕಾರಣಕ್ಕೇ ಅದು ಪ್ರಸಿದ್ಧ. ಆ ಸವಾರ ಸರ್ ಥಾಮಸ್ ಮನ್ರೋ, 1820ರಿಂದ 1827ರವರೆಗೆ ಮದ್ರಾಸಿನ ಗವರ್ನರ್. ಕನ್ನಡಿಗರಿಗೆ ಈ ಹೆಸರು ಮಂತ್ರಾಲಯದ ಕಥೆಯಿಂದ ಪರಿಚಿತ. ಆದರೆ ಬಳ್ಳಾರಿ ಸೀಮೆಯ ರೈತರು ಹೊಲ ಬಿಟ್ಟು ಹೋಗುವುದು ಏಕೆ ಎಂಬ ಪ್ರಶ್ನೆಯನ್ನು ಕೋಟೆಯಲ್ಲಿ ಕುಳಿತ ಸರ್ಕಾರದ ಮುಂದಿಟ್ಟವರೂ ಇವರೇ.

ಸಿಪಾಯಿಯಾಗಿ ಬಂದ ಗ್ಲಾಸ್ಗೋ ಹುಡುಗ

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ವಿರುದ್ಧದ ಯುದ್ಧಗಳಲ್ಲಿ ಹೋರಾಡಿದರು. 1792ರಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲ್ ಪ್ರದೇಶಕ್ಕೆ (ಇಂದಿನ ಕೃಷ್ಣಗಿರಿ, ಧರ್ಮಪುರಿ ಭಾಗ) ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರ ಸಹಾಯಕರಾಗಿ ಹೋದರು. ಅಲ್ಲಿಂದ ಅವರ ಬದುಕು ಬಂದೂಕಿನಿಂದ ಕಂದಾಯದ ಕಡತದತ್ತ ಹೊರಳಿತು. ಹಳ್ಳಿಯಿಂದ ಹಳ್ಳಿಗೆ ಸುತ್ತಿ, ಡೇರೆಯಲ್ಲಿ ಉಳಿದು, ಜಮೀನಿನ ಲೆಕ್ಕ ಕಲಿತರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕೆನರಾ ಜಿಲ್ಲೆಯ ಕಲೆಕ್ಟರ್ ಆದರು. ಕಂದಾಯದ ವಿಚಾರದಲ್ಲಿ ಕರಾವಳಿಯ ರೈತರು ಸುಲಭಕ್ಕೆ ಮಣಿಯಲಿಲ್ಲ. ಮನ್ರೋಗೂ ಅಲ್ಲಿ ಮನಸ್ಸು ನಿಲ್ಲಲಿಲ್ಲ. ವರ್ಷದೊಳಗೇ ವರ್ಗಾವಣೆ ಬಯಸಿದರು.

ದತ್ತಮಂಡಲದ ಏಳು ವರ್ಷ

1800ರಲ್ಲಿ ಹೈದರಾಬಾದಿನ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳೇ ದತ್ತಮಂಡಲ. ಇಂದಿನ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳು ಇದರಲ್ಲಿದ್ದವು. ಮನ್ರೋ ಇಲ್ಲಿ ಪ್ರಧಾನ ಕಲೆಕ್ಟರ್. ಯುದ್ಧ, ಪಾಳೇಗಾರರ ಕಾದಾಟ, ಬರದಿಂದ ಬಸವಳಿದಿದ್ದ ಸೀಮೆ ಅದು. ಪಾಳೇಗಾರರನ್ನು ಸೇನಾಬಲದಿಂದ ಹತ್ತಿಕ್ಕಿದ ಮನ್ರೋ, ನಂತರ ಹೊಲಗಳ ಅಳತೆ ಶುರು ಮಾಡಿಸಿದರು. ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಅದರಿಂದ ಅಳೆದ 40 ಚದರ ಸೇರಿದರೆ ಒಂದು ಎಕರೆ. ಕರ್ನಾಟಕದಲ್ಲಿ ಇಂದಿಗೂ ಗುಂಟೆ ಎಂದರೆ ಇದೇ ಅಳತೆ.

ಈ ಓಡಾಟದಲ್ಲಿ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಒಣ ಬೇಸಾಯದ ಸೀಮೆಯಲ್ಲಿ ರೈತನನ್ನು ಹಿಡಿದಿಡುವ ಆಸ್ತಿ ಹೆಚ್ಚೇನೂ ಇರುವುದಿಲ್ಲ. ಕಂದಾಯ ಭಾರವಾದರೆ ಎತ್ತು, ನೇಗಿಲು, ಸಂಸಾರದೊಂದಿಗೆ ಬೇರೆ ಸೀಮೆಗೆ ಹೋಗಿಬಿಡುತ್ತಾನೆ. ಹೊಲ ಬೀಳು ಬಿದ್ದರೆ ಸರ್ಕಾರಕ್ಕೂ ನಷ್ಟ.

1807ರಲ್ಲಿ ಅವರು ಸರ್ಕಾರಕ್ಕೆ ಕೊಟ್ಟ ಸಲಹೆಯ ತಿರುಳು ಇದೇ. ಎಲ್ಲ ಜಮೀನಿನ ಕಂದಾಯವನ್ನು ಶೇ 25ರಷ್ಟು ಇಳಿಸಬೇಕು, ಕೆರೆ, ಬಾವಿ ನೀರಿನ ಜಮೀನಿಗೆ ಇನ್ನೂ ಶೇ 8ರಷ್ಟು ರಿಯಾಯಿತಿ ಕೊಡಬೇಕು. ಪ್ರತಿ ವರ್ಷ ಎಷ್ಟು ಹೊಲ ಉಳಬೇಕು, ಎಷ್ಟು ಬಿಡಬೇಕು ಎಂಬುದನ್ನು ರೈತನೇ ತೀರ್ಮಾನಿಸಬೇಕು. ನಡುವೆ ಜಮೀನ್ದಾರ ಬೇಡ.

ಕೋಟೆಯ ತೀರ್ಮಾನ, ಹಳ್ಳಿಯ ಪಾಡು

ಮನ್ರೋ ರಜೆಯ ಮೇಲೆ ಇಂಗ್ಲೆಂಡಿಗೆ ಹೋದದ್ದೇ ತಡ, ಮದ್ರಾಸಿನ ಕಂದಾಯ ಮಂಡಳಿ ಬೇರೆ ದಾರಿ ಹಿಡಿಯಿತು. ಒಬ್ಬೊಬ್ಬ ರೈತನ ಲೆಕ್ಕ ಇಡುವುದು ಕಷ್ಟ, ಇಡೀ ಹಳ್ಳಿಯನ್ನೇ ಗುತ್ತಿಗೆಗೆ ಕೊಟ್ಟರೆ ಖರ್ಚೂ ಕಡಿಮೆ, ಆದಾಯವೂ ಖಚಿತ ಎಂಬುದು ಮಂಡಳಿಯ ವಾದ. 1808ರಿಂದ ಮೂರು ವರ್ಷದ ಗುತ್ತಿಗೆ, ಆಮೇಲೆ ಹತ್ತು ವರ್ಷದ ಗುತ್ತಿಗೆ ಜಾರಿಯಾಯಿತು. ಮೊತ್ತ ಮಾತ್ರ ಹಿಂದಿನ ದುಬಾರಿ ವಸೂಲಿಯ ಆಧಾರದಲ್ಲೇ ನಿಗದಿಯಾಯಿತು.

ಮಳೆ ಕೈಕೊಟ್ಟಾಗ, ಧಾನ್ಯದ ಬೆಲೆ ಬಿದ್ದಾಗ ಈ ಲೆಕ್ಕ ತಲೆಕೆಳಗಾಯಿತು. ಗುತ್ತಿಗೆ ಹಿಡಿದ ಗೌಡರಲ್ಲಿ, ಹೊರಗಿನ ಗುತ್ತಿಗೆದಾರರಲ್ಲಿ ಅನೇಕರು ದಿವಾಳಿಯಾದರು. ಕೆಲವರು ಜೈಲು ಕಂಡರು. ಹೊರೆ ಕೊನೆಗೆ ಇಳಿದದ್ದು ರೈತನ ಹೆಗಲಿಗೆ. ತಲೆಮಾರುಗಳಿಂದ ಗಟ್ಟಿಯಾಗಿದ್ದ ಒಕ್ಕಲು ಮನೆಗಳೂ ಸೋತವು.

ಇತ್ತ ಲಂಡನ್ನಿನಲ್ಲಿ ಮನ್ರೋ ವಾದ ಕಂಪನಿಯ ನಿರ್ದೇಶಕರಿಗೆ ಹಿಡಿಸಿತು. ರೈತವಾರಿಗೆ ಮರಳುವಂತೆ 1812ರಲ್ಲಿ ಆದೇಶ ಹೊರಟಿತು. ಅಷ್ಟರಲ್ಲಿ ಹತ್ತು ವರ್ಷದ ಗುತ್ತಿಗೆಗಳು ಆಗಿಹೋಗಿದ್ದವು. ಮನ್ರೋ 1814ರಲ್ಲಿ ಮರಳಿದರು. 1818ರ ಮರಾಠಾ ಯುದ್ಧದಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳನ್ನು ಗೆದ್ದರು. 1820ರಲ್ಲಿ ಗವರ್ನರ್ ಆದ ಮೇಲೆ, 1807ರಲ್ಲಿ ತಾವು ಕೇಳಿದ್ದ ಶೇ 25ರ ಇಳಿಕೆಯನ್ನು ದತ್ತಮಂಡಲಕ್ಕೆ ಕೊಟ್ಟರು. ಆದರೆ ನಡುವಿನ ವರ್ಷಗಳಲ್ಲಿ ಸೋತ ಮನೆಗಳಿಗೆ ಅದು ತಡವಾಗಿ ಬಂದ ನೆರವು.

ರೈತವಾರಿಯ ಇನ್ನೊಂದು ಮುಖ

ರೈತವಾರಿಯೂ ಹಳ್ಳಿಗೆ ಪೂರ್ತಿ ಬಿಡುಗಡೆ ಕೊಡಲಿಲ್ಲ. ಪ್ರತಿ ಹೊಲಕ್ಕೆ ನಂಬರ್ ಬಂತು, ದರ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ಹಳ್ಳಿ ಒಟ್ಟಾಗಿ ಮಾತಾಡುವ ಬದಲು ರೈತ ಒಬ್ಬನೇ ಕಚೇರಿ ಮುಂದೆ ನಿಲ್ಲಬೇಕಾಯಿತು. ಕಂದಾಯಕ್ಕೆ ನಗದು ಬೇಕಾಗಿ ಸಾಹುಕಾರನ ಬಾಗಿಲು ತಟ್ಟುವುದೂ ಹೆಚ್ಚಿತು. ಪ್ರೆಸಿಡೆನ್ಸಿಯ ಹಲವು ಜಿಲ್ಲೆಗಳಲ್ಲಿ ದುಬಾರಿ ದರ ದಶಕಗಳ ಕಾಲ ಮುಂದುವರಿಯಿತು. 1876-78ರ ಮಹಾ ಬರಗಾಲ ಬಂದಾಗ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

ಕೊನೆಯ ಪ್ರವಾಸ

ಸ್ವದೇಶಕ್ಕೆ ಹೊರಡುವ ಮುನ್ನ ದತ್ತಮಂಡಲವನ್ನು ಮತ್ತೊಮ್ಮೆ ನೋಡಲು ಹೊರಟ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣಾದ ದೇಹವನ್ನು ಆನಂತರ ಮದ್ರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ತರಲಾಯಿತು. ಮಠದ ಇನಾಮು ಜಮೀನಿನ ವಿಚಾರಣೆಗೆ ಹೋದಾಗ ರಾಘವೇಂದ್ರ ಸ್ವಾಮಿಗಳು ಅವರಿಗೆ ದರ್ಶನ ಕೊಟ್ಟರು ಎಂಬ ಪ್ರತೀತಿ ಮಂತ್ರಾಲಯದಲ್ಲಿದೆ. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರು.

ಕಂದಾಯ ಈಗ ರೈತನಿಗೆ ದೊಡ್ಡ ಹೊರೆಯಲ್ಲ. ಆದರೂ ಮಳೆ ಕೈಕೊಟ್ಟ ವರ್ಷ ಬಳ್ಳಾರಿ, ರಾಯಲಸೀಮೆಯ ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಬೆಂಗಳೂರಿನ ಕಡೆ ಗುಳೆ ಹೋಗುವುದು ನಿಂತಿಲ್ಲ. ಹೊಲಕ್ಕೆ ಸರ್ವೆ ನಂಬರ್ ಇದೆ, ಪಹಣಿಯಲ್ಲಿ ಹೆಸರೂ ಇದೆ. ಮನೆಗೆ ಮಾತ್ರ ಬೀಗ ಬಿದ್ದಿರುತ್ತದೆ.