ಗೆಲ್ಲುತ್ತಿದ್ದಾಗಲೇ ಹೋದ ಹೆನ್ರಿ

ರ‍್ಯಾಲಿ ಚಾಲಕರಲ್ಲಿ ನನ್ನನ್ನು ಹೆಚ್ಚು ಕಾಡಿದವನು ಫಿನ್ಲೆಂಡ್‌ನ ಹೆನ್ರಿ ಟೊಯ್ವೊನೆನ್. ಹುಟ್ಟಿದ್ದು 1956ರಲ್ಲಿ. ಅಪ್ಪ ಪೌಲಿ 1966ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿದ್ದರು. ಮಗ 24ನೇ ವಯಸ್ಸಿಗೇ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿ ಗೆದ್ದ. 1986ರ ಜನವರಿಯಲ್ಲಿ ಅಪ್ಪನಂತೆ ಮಾಂಟೆ ಕಾರ್ಲೊವನ್ನೂ ಗೆದ್ದ.

ಅದೇ ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ರ‍್ಯಾಲಿ. ಬೆಟ್ಟ ಬಳಸುವ ಕಿರಿದಾದ ಡಾಂಬರು ರಸ್ತೆ, ತಿರುವಿನ ಮೇಲೆ ತಿರುವು. ಹೆನ್ರಿಗೆ ಫ್ಲೂ ಜ್ವರ. ಆದರೂ ಲ್ಯಾನ್ಸಿಯಾ ಡೆಲ್ಟಾ ಎಸ್4 ಓಡಿಸುತ್ತಾ ಎಲ್ಲರಿಗಿಂತ ಮುಂದಿದ್ದ. ಮೇ 2ರಂದು ಎಡತಿರುವೊಂದರಲ್ಲಿ ಕಾರು ಕಮರಿಗೆ ಉರುಳಿ ಹೊತ್ತಿ ಉರಿಯಿತು. ಅವನೂ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕೂಡ ಉಳಿಯಲಿಲ್ಲ.

ಹಿಂದಿನ ವರ್ಷ ಅದೇ ದಿನ, ಅದೇ ರ‍್ಯಾಲಿಯಲ್ಲಿ ಅಟಿಲಿಯೊ ಬೆಟ್ಟೆಗಾ ಸತ್ತಿದ್ದ. ಆದರೂ ಅತಿವೇಗದ ಗ್ರೂಪ್ ಬಿ ಕಾರುಗಳು ಓಡುತ್ತಲೇ ಇದ್ದವು. ಹೆನ್ರಿ ಹೋದ ಮೇಲಷ್ಟೇ, 1987ರಿಂದ ಅವುಗಳಿಗೆ ನಿಷೇಧ ಬಿತ್ತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ನಡುವೆ, ಜ್ವರ ಬಂದರೂ ಪುಸ್ತಕ ಬಿಡದವರನ್ನೇ ಹೊಗಳುತ್ತೇವೆ. ‘ಇವತ್ತು ಸಾಕು, ಮಲಗು’ ಎನ್ನುವ ಗೆಳೆಯರೂ ನಮಗೆ ಬೇಕು. ಆ ಮಾತು ತಡವಾಗಿ ಬಂದರೆ ಪ್ರಯೋಜನವಿಲ್ಲ.