ಹಿತ್ತಲ ರೈಲು, ಸಿಮೆಂಟ್ ಬೆಟ್ಟ: ನಮಗೆ ಗೊತ್ತಿಲ್ಲದ ವಾಲ್ಟ್ ಡಿಸ್ನಿ

ಹೋದ ವರ್ಷದ ಫೆಸ್ಟ್‌ಗೆ ನಾವು ಕೆಲವರು ಸೇರಿ ಕ್ಯಾಂಪಸ್ಸಿನ ಲಾನ್ ಮೇಲೆ ಪುಟ್ಟ ರೈಲು ಓಡಿಸೋಣ ಅಂತ ಹೊರಟಿದ್ವಿ. ಹಳಿ ಸಿಕ್ತು, ಮೋಟಾರ್ ಸಿಕ್ತು, ಒಂದು ಬೆಟ್ಟ ಮಾತ್ರ ಬೇಕಿತ್ತು. ಗಣೇಶನ ಪೆಂಡಾಲಿನಲ್ಲಿ ಕೈಲಾಸ ಮಾಡ್ತಾರಲ್ಲ, ಹಂಗೇ ಬಿದಿರು ಕಟ್ಟಿ, ಗೋಣಿಚೀಲ ಹೊದಿಸಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು ಬೂದುಬಣ್ಣ ಹೊಡೆದ್ವಿ. ಸಂಜೆ ಫೋಟೋದಲ್ಲಿ ಚೆನ್ನಾಗೇ ಬಂತು. ರಾತ್ರಿ ಮಳೆ ಹೊಡೀತು. ಬೆಳಗ್ಗೆ ಎದ್ದು ನೋಡಿದ್ರೆ ಬೆಟ್ಟ ಕುಸಿದು ಹಳಿ ಮೇಲೆ ಗಂಜಿ ಚೆಲ್ಲಿದ ಹಾಗೆ ಬಿದ್ದಿತ್ತು.

ಎಲ್ಲಿ ತಪ್ಪಿದ್ವಿ ಅಂತ ಹುಡುಕುತ್ತಾ ಹೋದಾಗ ಸಿಕ್ಕವರು ವಾಲ್ಟ್ ಡಿಸ್ನಿ. ಹೌದು, ಮಿಕ್ಕಿ ಮೌಸ್ ಡಿಸ್ನಿಯೇ. ಅವರು ತಮ್ಮ ಮನೆಯ ತೋಟದಲ್ಲಿ ಉಗಿ ರೈಲು ಓಡಿಸಿದವರು, ಆಮೇಲೆ ಬಯಲಲ್ಲಿ ಸಿಮೆಂಟಿನ ಬೆಟ್ಟವನ್ನೇ ಎಬ್ಬಿಸಿದವರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಾರ್ಟೂನಿನ ಕಥೆ ಎಲ್ಲರೂ ಹೇಳ್ತಾರೆ. ನಾವು ಈ ರೈಲಿನ ಕಥೆ ಹೇಳ್ತೀವಿ.

ಹಳಿಯ ಪಕ್ಕದ ಬಾಲ್ಯ

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೋದಲ್ಲಿ. 1906ರಲ್ಲಿ ಕುಟುಂಬ ಮಿಸೌರಿ ರಾಜ್ಯದ ಮಾರ್ಸಲೀನ್ ಅನ್ನೋ ಚಿಕ್ಕ ಊರಿಗೆ ಬಂತು. ಸಾಂಟಾ ಫೆ ರೈಲ್ವೆಯ ಹಳಿ ಆ ಊರಿನ ಮೂಲಕವೇ ಹಾದುಹೋಗುತ್ತಿತ್ತು. ಅವರ ಬಂಧು ಮೈಕ್ ಮಾರ್ಟಿನ್ ಆ ರೈಲ್ವೆಯಲ್ಲಿ ಎಂಜಿನ್ ಓಡಿಸುತ್ತಿದ್ದರು. ಆ ಸೀಟಿ, ಆ ಹೊಗೆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು, ಸಾಯೋವರೆಗೂ ಹೋಗಲಿಲ್ಲ.

1911ರಲ್ಲಿ ಮನೆಯವರು ಕ್ಯಾನ್ಸಸ್ ಸಿಟಿಗೆ ಹೋದರು. ಅಪ್ಪ ಇಲಿಯಾಸ್ ಪೇಪರ್ ಹಂಚುವ ಕೆಲಸ ಹಿಡಿದರು. ನಸುಕಿನಲ್ಲಿ ಎದ್ದು ಹಿಮದಲ್ಲಿ ಮನೆಮನೆಗೆ ಪೇಪರ್ ಹಾಕೋದು ಮಕ್ಕಳ ಪಾಲಿಗೆ ಬಂತು. 1917ರ ಬೇಸಿಗೆಯಲ್ಲಿ ವಾಲ್ಟ್ ರೈಲಿನಲ್ಲಿ ಪೇಪರ್, ಹಣ್ಣು, ಮಿಠಾಯಿ, ಸೋಡಾ ಮಾರುವ ಕೆಲಸಕ್ಕೆ ಸೇರಿದ. ನಮ್ಮ ರೈಲುಗಳಲ್ಲಿ ಬುಟ್ಟಿ ಹಿಡ್ಕೊಂಡು ಬೋಗಿ ಬೋಗಿ ತಿರುಗುವ ಹುಡುಗರನ್ನು ನೋಡಿದ್ದೀವಲ್ಲ, ಅದೇ ಕೆಲಸ. ವ್ಯಾಪಾರದಲ್ಲಿ ಲಾಭ ಏನೂ ಉಳಿಯಲಿಲ್ಲ. ಆದ್ರೆ ಓಡೋ ರೈಲಿನ ಒಳಗೇ ಒಂದು ಬೇಸಿಗೆ ಕಳೆದದ್ದೇ ಅವನಿಗೆ ದೊಡ್ಡ ಸಂಬಳ.

ಮುಂದಿನದು ಚುಟುಕಾಗಿ. ಮೊದಲ ಕಂಪನಿ 1923ರಲ್ಲಿ ದಿವಾಳಿ ಆಯ್ತು, ಅಲ್ಲಿಂದ ಹಾಲಿವುಡ್. 1928ರಲ್ಲಿ ಆಸ್ವಾಲ್ಡ್ ಅನ್ನೋ ಮೊಲದ ಪಾತ್ರದ ಹಕ್ಕು ತಮ್ಮದಲ್ಲ ಅಂತ ಗೊತ್ತಾಗಿ ಪಾತ್ರವೂ ಹೋಯ್ತು, ಜೊತೆಗಿದ್ದ ಚಿತ್ರಕಾರರಲ್ಲಿ ಹೆಚ್ಚಿನವರೂ ಹೋದರು. ಅದೇ ವರ್ಷ ಮಿಕ್ಕಿ ಬಂದ. 1937ರಲ್ಲಿ ಸ್ನೋ ವೈಟ್ ಬಂತು, ಹೆಸರೂ ಬಂತು, ದುಡ್ಡೂ ಬಂತು.

ಎರಡು ಪೆಟ್ಟು

ದುಡ್ಡು ಬಂದಮೇಲೆ ವಾಲ್ಟ್ ಮತ್ತು ಅಣ್ಣ ರಾಯ್ ಸೇರಿ ಅಪ್ಪ ಅಮ್ಮನಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಮನೆ ಕೊಡಿಸಿದರು. ಆ ಮನೆಯ ಬಿಸಿಗಾಳಿ ಕುಲುಮೆಯಲ್ಲಿ ದೋಷ ಇತ್ತು. ಸ್ಟುಡಿಯೋದ ಕೆಲಸಗಾರರು ಬಂದು ರಿಪೇರಿ ಮಾಡಿ ಹೋದರೂ ಅದು ಸರಿಹೋಗಿರಲಿಲ್ಲ. 1938ರ ನವೆಂಬರ್ 26ರಂದು ವಿಷಗಾಳಿ ತುಂಬಿ ತಾಯಿ ಫ್ಲೋರಾ ತೀರಿಕೊಂಡರು. ಅಪ್ಪ ಉಳಿದರು. ಮಗ ಪ್ರೀತಿಯಿಂದ ಕೊಡಿಸಿದ ಮನೆಯೇ ತಾಯಿಯನ್ನು ತೆಗೆದುಕೊಂಡಿತು. ಈ ವಿಷಯವನ್ನು ವಾಲ್ಟ್ ಕೊನೆವರೆಗೂ ಮಾತಾಡೋಕೆ ಇಷ್ಟಪಡುತ್ತಿರಲಿಲ್ಲ.

ಎರಡನೇ ಪೆಟ್ಟು 1941ರಲ್ಲಿ. ಸ್ಟುಡಿಯೋದ ಚಿತ್ರಕಾರರು ಸಂಬಳ ಮತ್ತು ಯೂನಿಯನ್ ಮಾನ್ಯತೆಗಾಗಿ ಮುಷ್ಕರ ಹೂಡಿದರು. ವಾಲ್ಟ್ ಅದನ್ನು ಸ್ವಂತಕ್ಕೆ ಮಾಡಿದ ದ್ರೋಹ ಅಂತಲೇ ತಗೊಂಡರು. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೋಗಿ, ತಮ್ಮಲ್ಲಿ ಕೆಲಸ ಮಾಡಿದ ಕೆಲವರನ್ನು ಕಮ್ಯುನಿಸ್ಟರು ಅಂತ ಹೆಸರು ಹಿಡಿದು ಹೇಳಿದರು. ಇದನ್ನು ಮುಚ್ಚಿಟ್ಟು ಅವರ ಬದುಕು ಬರೆದ್ರೆ ಅದು ಬರೀ ಹಾರ ತುರಾಯಿ ಆಗುತ್ತೆ. ಅವರು ದೊಡ್ಡ ಕನಸುಗಾರರೂ ಹೌದು, ತಮ್ಮ ಮಾತು ಮೀರಿದವರನ್ನು ಸುಲಭಕ್ಕೆ ಕ್ಷಮಿಸದವರೂ ಹೌದು.

ಅಷ್ಟು ಹೊತ್ತಿಗೆ ಮೈ ಕೂಡ ಸೋತಿತ್ತು. ಪೋಲೋ ಆಡುವಾಗ ಆಗಿದ್ದ ಹಳೇ ಗಾಯದಿಂದ ಕತ್ತು ನೋವು. ಮನಸ್ಸಿಗೆ ಬೇರೆ ಏನಾದರೂ ಬೇಕು ಅನ್ನೋ ಹೊತ್ತಿಗೆ ರೈಲು ವಾಪಸ್ ಬಂತು. ಸ್ಟುಡಿಯೋದಲ್ಲೇ ಇದ್ದ ವಾರ್ಡ್ ಕಿಂಬಾಲ್ ತಮ್ಮ ಹಿತ್ತಲಲ್ಲಿ ನಿಜವಾದ ರೈಲು ಎಂಜಿನ್ನನ್ನೇ ಇಟ್ಟುಕೊಂಡಿದ್ದರು. ಆಲಿ ಜಾನ್‌ಸ್ಟನ್ ಚಿಕ್ಕ ಉಗಿ ಎಂಜಿನ್ ಕಟ್ಟಿಸುತ್ತಿದ್ದರು. 1948ರಲ್ಲಿ ವಾಲ್ಟ್ ಮತ್ತು ಕಿಂಬಾಲ್ ಶಿಕಾಗೋದ ರೈಲು ಮೇಳಕ್ಕೆ ಹೋಗಿ ಬಂದರು. ಆಮೇಲೆ ತಡೆಯೋರು ಯಾರೂ ಇರಲಿಲ್ಲ.

ತೋಟದಲ್ಲಿ ಅರ್ಧ ಮೈಲಿ

1949ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾರೋಲ್‌ವುಡ್ ಡ್ರೈವ್‌ನಲ್ಲಿ ಜಾಗ ತಗೊಂಡರು. ಮನೆಗಿಂತ ಮೊದಲು ಹಳಿ ಎಲ್ಲಿ ಹೋಗಬೇಕು ಅನ್ನೋದೇ ಅವರ ಚಿಂತೆ. ಹೆಂಡತಿ ಲಿಲಿಯನ್ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ತೋಟದಲ್ಲಿ ರೈಲು ಓಡಿಸುವ ಹಕ್ಕಿಗೆ ಒಂದು ಕರಾರುಪತ್ರವನ್ನೂ ತಮಾಷೆಗೆ ಬರೆಸಿದರು.

ಅಳತೆ 1:8, ಹಳಿಯ ಅಗಲ ಏಳೂಕಾಲು ಇಂಚು. ಎಂಟರಿಂದ ಗುಣಿಸಿ ನೋಡಿ, 58 ಇಂಚು ಬರುತ್ತೆ. ನಿಜವಾದ ಸ್ಟ್ಯಾಂಡರ್ಡ್ ಗೇಜ್ 56.5 ಇಂಚು. ಅಷ್ಟು ಹತ್ತಿರ. ಹಳಿಯ ಒಟ್ಟು ಉದ್ದ 2,615 ಅಡಿ, ಅಂದ್ರೆ ಸುಮಾರು ಅರ್ಧ ಮೈಲಿ. ಸೆಂಟ್ರಲ್ ಪೆಸಿಫಿಕ್ ರೈಲ್ವೆಯ 173ನೇ ನಂಬರಿನ ಎಂಜಿನ್ ನಕ್ಷೆ ನೋಡಿಕೊಂಡು ರೋಜರ್ ಬ್ರಾಗಿ ಅವರ ಮೆಷಿನ್ ಶಾಪ್‌ನಲ್ಲಿ ಕಲ್ಲಿದ್ದಲು ಉರಿಸುವ ಎಂಜಿನ್ ತಯಾರಾಯ್ತು. ಹೆಂಡತಿಯ ಹೆಸರಿನಿಂದಲೇ ಅದಕ್ಕೆ ಲಿಲ್ಲಿ ಬೆಲ್ ಅಂತ ಹೆಸರು. ವಾಲ್ಟ್ ಬರೀ ದುಡ್ಡು ಕೊಟ್ಟು ಕೂರಲಿಲ್ಲ. ಸಂಜೆ ಹೊತ್ತು ಶಾಪ್‌ಗೆ ಹೋಗಿ, ಬ್ರಾಗಿ ಹತ್ತಿರ ಲೇತ್ ಮತ್ತು ತಗಡಿನ ಕೆಲಸ ಕಲಿತರು. ರೈಲಿನ ಕೊನೆಯ ಗಾರ್ಡ್ ಡಬ್ಬಿಯನ್ನು ಒಳಗಿನ ಪುಟ್ಟ ಒಲೆ ಸಮೇತ ಸ್ವಂತ ಕೈಯಲ್ಲಿ ಮಾಡಿದರು. ಮೊದಲ ಸಲ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಜಾಬ್ ಮಾಡಿ ಮುಗಿಸಿದಾಗ ನಮಗಾದ ಖುಷಿ ನೆನಪಿದೆಯಲ್ವಾ? ಜಗತ್ತೇ ಗೊತ್ತಿದ್ದ ಆ ಮನುಷ್ಯನಿಗೂ ಅದೇ ಖುಷಿ.

ಎಲ್ಲಕ್ಕಿಂತ ನಮಗೆ ಹಿಡಿಸಿದ್ದು ಸುರಂಗ. ತೋಟದ ಇಳಿಜಾರಿನಲ್ಲಿ ಯೆನ್‌ಸಿಡ್ ವ್ಯಾಲಿ ಅಂತ ಒಂದು ಕಣಿವೆ ಮಾಡಿದ್ದರು. ಇಂಗ್ಲಿಷಿನಲ್ಲಿ ಡಿಸ್ನಿ ಹೆಸರಿನ ಅಕ್ಷರಗಳನ್ನು ತಿರುಗಿಸಿ ಬರೆದರೆ ಅದೇ. ಅಲ್ಲಿ ಲಿಲಿಯನ್ ಅವರ ಹೂವಿನ ಪಾತಿಯ ಕೆಳಗೆ 90 ಅಡಿಯ ಸುರಂಗ. ಅದು ನೇರ ಅಲ್ಲ, ಹಾವಿನ ಹಾಗೆ ಎರಡು ಬಾಗು. ನೇರ ಮಾಡಿದ್ರೆ ಖರ್ಚು ಕಮ್ಮಿ ಅಂತ ಕೆಲಸದವರು ಸೂಚಿಸಿದಾಗ, ಮಾಡದೇ ಇದ್ರೆ ಇನ್ನೂ ಕಮ್ಮಿ ಅಂತ ವಾಲ್ಟ್ ಅಂದರಂತೆ. ಬಾಗು ಯಾಕೆ ಬೇಕು? ಒಳಗೆ ಹೋದವರಿಗೆ ಆಚೆ ತುದಿಯ ಬೆಳಕು ಕಾಣಬಾರದು. ಬೆಳಕು ಕಂಡ್ರೆ ಅದು 90 ಅಡಿಯ ಮೋರಿ. ಕಾಣದಿದ್ರೆ ಬೆಟ್ಟದ ಹೊಟ್ಟೆ. ಬೆಟ್ಟ ದೊಡ್ಡದು ಅನ್ನಿಸೋದು ಅದರ ಗಾತ್ರದಿಂದಲ್ಲ, ಕಣ್ಣು ಎಲ್ಲಿಯವರೆಗೆ ಹೋಗುತ್ತೆ ಅನ್ನೋದರಿಂದ. ಈ ಪಾಠ ಮುಂದೆ ತುಂಬಾ ಕೆಲಸಕ್ಕೆ ಬಂತು.

1950ರ ಮೇ ತಿಂಗಳಿಂದ ವಾರದ ಕೊನೆಗೆ ಮನೆಗೆ ಬಂದ ನೆಂಟರು, ನಟರು, ಮಕ್ಕಳು ಎಲ್ಲರೂ ಬೋಗಿ ಮೇಲೆ ಕೂತು ಸುತ್ತಿದರು. ವಾಲ್ಟ್ ಡ್ರೈವರ್ ಟೋಪಿ ಹಾಕಿಕೊಂಡು ಮುಂದೆ.

1953ರಲ್ಲಿ ಒಂದು ದಿನ ಅತಿಥಿಯೊಬ್ಬರು ಎಂಜಿನ್ ಓಡಿಸುವಾಗ ತಿರುವಿನಲ್ಲಿ ವೇಗ ಜಾಸ್ತಿ ಆಗಿ ರೈಲು ಹಳಿ ತಪ್ಪಿತು. ಸೀಟಿ ಮುರಿದು ಉಗಿ ಚಿಮ್ಮಿತು. ಹತ್ತಿರ ಇದ್ದ ಐದು ವರ್ಷದ ಹುಡುಗಿಗೆ ಸುಟ್ಟ ಗಾಯ ಆಯ್ತು. ವಾಲ್ಟ್ ರೈಲನ್ನು ನಿಲ್ಲಿಸಿಬಿಟ್ಟರು. ಇನ್ನೊಂದು ಗಾರ್ಡ್ ರೈಲ್ ಹಾಕೋಣ, ವೇಗಕ್ಕೆ ಮಿತಿ ಇಡೋಣ ಅಂತ ನೋಡಲಿಲ್ಲ. ಅಷ್ಟು ಆಸೆಯಿಂದ ಕಟ್ಟಿದ ಎಂಜಿನ್ ಮತ್ತೆ ಆ ತೋಟದಲ್ಲಿ ಓಡಲೇ ಇಲ್ಲ. ಅವರ ಮನಸ್ಸಿನಲ್ಲಿ ಆಗ ಏನಿತ್ತು ಅಂತ ಹೇಳೋಕೆ ನಾವ್ಯಾರು? ಆದ್ರೆ 1938ರ ಆ ಕುಲುಮೆಯ ವಿಷಯ ಓದಿದ ಮೇಲೆ, ಈ ನಿರ್ಧಾರ ಅತಿಯಾಯ್ತು ಅಂತ ನಮಗೆ ಅನ್ನಿಸಲಿಲ್ಲ.

ಬಯಲಲ್ಲಿ ಎದ್ದ ಬೆಟ್ಟ

ಹಿತ್ತಲ ರೈಲು ನಿಂತಿತು, ಅದರ ಹಿಂದಿನ ಆಸೆ ನಿಲ್ಲಲಿಲ್ಲ. ಆನಹೈಮ್‌ನ ಕಿತ್ತಳೆ ತೋಟಗಳ ಜಾಗದಲ್ಲಿ ಸುಮಾರು ಒಂದೇ ವರ್ಷದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿ, 1955ರ ಜುಲೈ 17ರಂದು ಬಾಗಿಲು ತೆರೆದರು. ಪಾರ್ಕಿನ ಸುತ್ತ ಮಣ್ಣಿನ ಏರಿ, ಏರಿ ಮೇಲೆ ಮೂರಡಿ ಗೇಜಿನ ಉಗಿ ರೈಲು. ಹೊರಗಿನ ಊರು ಒಳಗಿನವರಿಗೆ ಕಾಣಬಾರದು ಅನ್ನೋದೇ ಏರಿಯ ಉದ್ದೇಶ. ಸುರಂಗದ ಬಾಗಿನದ್ದೇ ಲೆಕ್ಕ, ದೊಡ್ಡ ಅಳತೆಯಲ್ಲಿ. ಅವರ ಮನೆಯ ತೋಟದ ಗಿಡಮರ ನೋಡಿಕೊಂಡಿದ್ದ ಇವಾನ್ಸ್ ಸೋದರರೇ ಇಲ್ಲಿಗೂ ಬಂದರು.

ಕೋಟೆಯ ಕಂದಕ ತೋಡಿದ ಮಣ್ಣನ್ನು ಒಂದು ಕಡೆ ಗುಡ್ಡೆ ಹಾಕಿದ್ದರು. ವಾಲ್ಟ್‌ಗೆ ಆ ಗುಡ್ಡೆ ಕಣ್ಣಿಗೆ ಚುಚ್ಚುತ್ತಿತ್ತು. ಸಿನಿಮಾ ಶೂಟಿಂಗ್‌ಗೆ ಸ್ವಿಟ್ಜರ್ಲೆಂಡಿಗೆ ಹೋದವರು ಮ್ಯಾಟರ್‌ಹಾರ್ನ್ ಶಿಖರ ನೋಡಿದರು. ಅಲ್ಲಿಂದಲೇ ಅದರ ಚಿತ್ರದ ಕಾರ್ಡ್ ಕಳಿಸಿ ಇದನ್ನು ಕಟ್ಟಿ ಅಂದರು ಅಂತ ಕಥೆ ಇದೆ. 1959ರ ಜೂನ್ 14ರಂದು ಆ ಗುಡ್ಡೆಯ ಜಾಗದಲ್ಲಿ 147 ಅಡಿಯ ಮ್ಯಾಟರ್‌ಹಾರ್ನ್ ನಿಂತಿತ್ತು. ನಿಜವಾದ ಶಿಖರ 4,478 ಮೀಟರ್, ಇದು ಅದರ ನೂರರಲ್ಲೊಂದು ಪಾಲು. ಒಳಗೆ ಉಕ್ಕಿನ ಹಂದರ. ಬಂಡೆಗೆ ನೇರ ಗೆರೆ ಇಲ್ಲವಲ್ಲ, ಹಾಗಾಗಿ ಸಾವಿರಾರು ತೊಲೆಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ ಅನ್ನುವಷ್ಟು ಬೇರೆ ಬೇರೆ ಉದ್ದ. ಅದರೊಳಗೆ ಓಡುವ ಬಂಡಿಗೆ ಕೊಳವೆಯಾಕಾರದ ಉಕ್ಕಿನ ಹಳಿ. ಜಗತ್ತಿನ ಮೊದಲ ಉಕ್ಕಿನ ಕೊಳವೆ ಹಳಿಯ ರೋಲರ್ ಕೋಸ್ಟರ್ ಅದೇ.

ಇಂಥ ಬಂಡೆ ಕಟ್ಟೋದು ಹೇಗೆ? ಅಲ್ಲಿನ ಬಂಡೆ ಕೆಲಸದಲ್ಲಿ ಹೆಸರಾದವರು ಫ್ರೆಡ್ ಯೋರ್ಗರ್. ಅವರು ಮೂಲತಃ ಪುಟ್ಟ ಮಾದರಿ ಮಾಡುವವರು. ಮೊದಲು ಕೈಯಳತೆಯ ಮಾದರಿ, ಅದು ಒಪ್ಪಿಗೆಯಾದರೆ ದೊಡ್ಡದು. ಹೊರಾಂಗಣದ ಕೃತಕ ಬಂಡೆಯ ವಿಧಾನ ಇವತ್ತಿಗೂ ಹೆಚ್ಚುಕಮ್ಮಿ ಹೀಗಿದೆ: ಕಂಬಿ ಬಗ್ಗಿಸಿ ಅಸ್ಥಿಪಂಜರ, ಅದರ ಮೇಲೆ ಜಾಲರಿ, ಜಾಲರಿ ಮೇಲೆ ಸಿಮೆಂಟ್ ಗಾರೆ, ಗಾರೆ ಅರೆಬಿಗಿ ಆದಾಗ ಕರಣೆ ಮತ್ತು ಬ್ರಷ್‌ನಿಂದ ಕೆತ್ತನೆ, ಒಣಗಿದ ಮೇಲೆ ತೆಳುವಾದ ಬಣ್ಣ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾದ ಮೇಲೂ ನೀರಿಗೆ ಮೆತ್ತಗಾಗುತ್ತೆ. ಸಿಮೆಂಟ್ ನೀರು ಕುಡಿದೇ ಗಟ್ಟಿಯಾಗುತ್ತೆ. ಬಿಸಿಲಿಗೆ ಕಂಬಿಯೂ ಕಾಂಕ್ರೀಟೂ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಅದಕ್ಕೇ ಅವುಗಳ ಸಂಸಾರ ಉಳಿಯುತ್ತೆ. ಬಂಡೆಯ ಬೆನ್ನಿಗೆ ಮಣ್ಣಿದ್ರೆ ನೀರು ಹೊರಗೆ ಹೋಗೋಕೆ ತೂತು ಬಿಡಬೇಕು. ಇಲ್ಲದಿದ್ರೆ ಒಳಗೆ ನಿಂತ ನೀರೇ ಬಂಡೆಯನ್ನು ತಳ್ಳುತ್ತೆ.

ನಿಜ ಅನ್ನಿಸೋದು ಬೇರೆ ವಿದ್ಯೆ. ನಿಜವಾದ ಬಂಡೆಯ ಪದರಗಳು ಒಂದೇ ಕಡೆ ವಾಲಿರುತ್ತವೆ, ಬಿರುಕುಗಳಿಗೂ ಒಂದು ದಿಕ್ಕಿರುತ್ತೆ. ಲಾಡಿಗೆ ದ್ರಾಕ್ಷಿ ಸಿಕ್ಕಿಸಿದ ಹಾಗೆ ಕಲ್ಲು ಚುಚ್ಚಿದ್ರೆ ಮಗು ಕೂಡ ನಂಬಲ್ಲ. ಸಂದಿಯಲ್ಲಿ ಕಪ್ಪು, ಉಬ್ಬಿನ ಅಂಚಿನಲ್ಲಿ ತಿಳಿ ಬಣ್ಣ ಇರಬೇಕು. ಅಳತೆಗೆ ತಕ್ಕ ಬಿರುಕು ಬೇಕು: 1:8ರಲ್ಲಿ ಒಂದಿಂಚಿನ ಬಿರುಕು ಅಂದ್ರೆ ಎಂಟಿಂಚಿನ ಬಿರುಕು. ಮ್ಯಾಟರ್‌ಹಾರ್ನ್‌ನಲ್ಲಿ ಕೆಳಗೆ ದೊಡ್ಡ ಮರ, ಮೇಲೆ ಹೋದ ಹಾಗೆ ಚಿಕ್ಕ ಮರ ನೆಟ್ಟರು. ಕಣ್ಣು ಅದನ್ನು ದೂರ ಅಂತ ಓದಿತು, 147 ಅಡಿ ಶಿಖರವಾಯ್ತು.

ಅರ್ಧಕ್ಕೆ ಬಿಟ್ಟ ಒಳಗು

1966ರ ಡಿಸೆಂಬರ್ 15ರಂದು, 65 ತುಂಬಿದ ಹತ್ತೇ ದಿನಕ್ಕೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ ವಾಲ್ಟ್ ತೀರಿಕೊಂಡರು. ಜೀವನಪೂರ್ತಿ ಸಿಗರೇಟ್ ಬಿಟ್ಟವರಲ್ಲ. ಆಗ ಮ್ಯಾಟರ್‌ಹಾರ್ನ್ ಹೊರಗಿನಿಂದ ಪೂರ್ತಿ ಬೆಟ್ಟ, ಒಳಗೆ ಇನ್ನೂ ತೊಲೆ ಕಾಣುವ ಟೊಳ್ಳು. ಒಳಗಿನ ಹಿಮದ ಗುಹೆಗಳನ್ನು ಮಾಡಿ ಮುಗಿಸಿದ್ದು 1978ರಲ್ಲಿ, ಬೇರೆಯವರು. ಲಿಲ್ಲಿ ಬೆಲ್ ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಕುಟುಂಬದ ಮ್ಯೂಸಿಯಂನಲ್ಲಿದೆ. ತೋಟದಲ್ಲಿದ್ದ ಅವರ ಕೆಲಸದ ಕೊಟ್ಟಿಗೆಯನ್ನು 1999ರಲ್ಲಿ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ತಂದು ನಿಲ್ಲಿಸಿದ್ದಾರೆ.

ಈ ವರ್ಷ ನಾವು ಮತ್ತೆ ಬೆಟ್ಟ ಕಟ್ಟುತ್ತಾ ಇದ್ದೀವಿ. ಸಿವಿಲ್‌ನವರು ಜಾಲರಿ ಕಟ್ಟಿದ್ದಾರೆ, ಗಾರೆ ಹಾಕಿ ಏಳು ದಿನ ನೀರು ಹಾಯಿಸಿದ್ದೀವಿ, ಹಿಂದೆ ಮೂರು ತೂತು ಬಿಟ್ಟಿದ್ದೀವಿ. ಸುರಂಗಕ್ಕೆ ಒಂದು ಬಾಗು ಕೂಡ ಇದೆ. ಮೆಕ್ಯಾನಿಕಲ್‌ನವರು ಈ ಸಲ ಉಗಿ ಎಂಜಿನ್ನೇ ಮಾಡೋಣ ಅಂತ ಹಟ ಹಿಡಿದಿದ್ದರು. ಆ ಐದು ವರ್ಷದ ಹುಡುಗಿಯ ವಿಷಯ ಓದಿ ಹೇಳಿದ ಮೇಲೆ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಫೆಸ್ಟ್‌ಗೆ ಮಕ್ಕಳೂ ಬರ್ತಾರೆ. ಬ್ಯಾಟರಿ ಮೋಟಾರೇ ಸಾಕು ಅಂತ ಆಯ್ತು. ನೀವೂ ಬನ್ನಿ, ಮಳೆ ಬಂದ್ರೂ ಬನ್ನಿ.