ಅಶ್ಮರೀವೈದ್ಯ ಸಿವಿಯಾಲ್

ಹೊಸ ಯಂತ್ರವನ್ನು ಕಂಡುಹಿಡಿದವನ ಹೆಸರು ಲೋಕದಲ್ಲಿ ಬೇಗನೆ ಹರಡುವುದು. ತಾನು ಮಾಡಿದ ಕೆಲಸದ ಲಾಭನಷ್ಟಗಳ ಲೆಕ್ಕವನ್ನು ಬರೆದಿಟ್ಟು ಹತ್ತು ಜನರ ಮುಂದೆ ಒಪ್ಪಿಸಿದವನ ಹೆಸರು ಅಷ್ಟು ಬೇಗ ಹರಡದು. ಫ್ರಾನ್ಸ್ ದೇಶದ ಶಸ್ತ್ರವೈದ್ಯನಾದ ಝಾಂ ಸಿವಿಯಾಲನು ಈ ಎರಡನ್ನೂ ಮಾಡಿದವನು. ಮೊದಲನೆಯದಕ್ಕಾಗಿ ಯೂರೋಪು ಅವನನ್ನು ಕೊಂಡಾಡಿತು. ಎರಡನೆಯದೇ ಹಿರಿದೆಂದು ನಾವು ಭಾವಿಸುತ್ತೇವೆ.

ಅಶ್ಮರಿ, ಎಂದರೆ ಮೂತ್ರಮಾರ್ಗದ ಕಲ್ಲು, ಇಂದು ನಿನ್ನೆಯ ರೋಗವಲ್ಲ. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ನಮ್ಮ ಸುಶ್ರುತನು ವಿವರಿಸಿರುವನು. ಆದರೆ ಫಲವು ಸಂದೇಹಾಸ್ಪದವಾದುದರಿಂದ ಪ್ರಭುವಿನ ಅಪ್ಪಣೆಯನ್ನು ಪಡೆದೇ ಶಸ್ತ್ರವನ್ನು ಹಿಡಿಯತಕ್ಕುದೆಂದು ವಿಧಿಸಿರುವನು. ಹತ್ತೊಂಬತ್ತನೆಯ ಶತಮಾನದ ಆದಿಯ ಯೂರೋಪಿನಲ್ಲಿಯೂ ಶಸ್ತ್ರವೇ ಗತಿಯಾಗಿದ್ದಿತು. ಅರಿವು ತಪ್ಪಿಸುವ ಈಥರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಎಚ್ಚರದಲ್ಲಿಯೇ ಇರುವ ರೋಗಿಯನ್ನು ಕಟ್ಟಿ ಹಿಡಿದು ಕೊಯ್ಯಬೇಕಾಗಿದ್ದಿತು. ಬದುಕಿದವನು ಪುಣ್ಯವಂತನೆನ್ನಿಸಿಕೊಳ್ಳುತ್ತಿದ್ದನು.

ಇಂತಹ ಕಾಲದಲ್ಲಿ ಸಿವಿಯಾಲನು ೧೭೯೨ರಲ್ಲಿ ಓವೆರ್ನ್ ಪ್ರಾಂತದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಜನಿಸಿದನು. ಪ್ಯಾರಿಸ್ ನಗರಕ್ಕೆ ಬಂದು ಪ್ರಸಿದ್ಧ ಶಸ್ತ್ರವೈದ್ಯ ದ್ಯುಪುಯ್ತ್ರಾಂ ಎಂಬಾತನಲ್ಲಿ ವ್ಯಾಸಂಗಮಾಡಿದನು. ವಿದ್ಯಾರ್ಥಿದೆಸೆಯಲ್ಲಿಯೇ, ಕೊಯ್ಯದೆ ಕಲ್ಲನ್ನು ಕಳೆಯಲಾಗದೇ ಎಂಬ ಚಿಂತೆಯು ಅವನನ್ನು ಹಿಡಿಯಿತು. ರಾಸಾಯನಿಕ ದ್ರವ್ಯಗಳಿಂದ ಕಲ್ಲನ್ನು ಒಳಗೇ ಕರಗಿಸುವ ಯೋಚನೆಯನ್ನು ಮೊದಲು ಮಾಡಿ, ಅದು ಕೈಗೂಡದಿರಲು, ಕಲ್ಲನ್ನು ಒಳಗೇ ಪುಡಿಮಾಡುವ ಮಾರ್ಗವನ್ನು ಹಿಡಿದನು. ಅವನ ಉಪಕರಣವು ಒಂದು ನೇರವಾದ ಲೋಹದ ಕೊಳವೆ. ಅದನ್ನು ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಸೇರಿಸಿದ ಮೇಲೆ ಅದರ ತುದಿಯಿಂದ ಮೂರು ಉಗುರುಗಳು ಚಾಚಿ ಕಲ್ಲನ್ನು ಹಿಡಿಯುವುವು; ನಡುವಿನ ಬೈರಿಗೆಯು ಅದನ್ನು ಕೊರೆಯುವುದು; ಚೂರುಗಳು ಮೂತ್ರದೊಡನೆ ಹೊರಬೀಳುವುವು. ೧೮೨೪ನೆಯ ಜನವರಿ ೧೩ರಂದು, ವಿಜ್ಞಾನ ಅಕಾಡೆಮಿಯು ನೇಮಿಸಿದ ಪೆರ್ಸಿ, ಶೋಸ್ಸಿಯೇ ಎಂಬ ವಿದ್ವಾಂಸರ ಸಮಕ್ಷಮದಲ್ಲಿ, ಅವನು ಜೀವಂತ ರೋಗಿಯ ಮೇಲೆ ಈ ಕ್ರಮವನ್ನು ನಡೆಸಿ ಜಯಶಾಲಿಯಾದನು.

ಕೀರ್ತಿಯೊಡನೆ ಕಲಹವೂ ಬಂದಿತು. ಇದು ಮೊದಲು ತಮಗೆ ಹೊಳೆದುದೆಂದು ಲೆರುವಾ ದೆತಿಯೋಲ್ ಮೊದಲಾದವರು ವಾದಿಸಿದರು. ಬವೇರಿಯದ ಗ್ರೂಯಿತ್‌ಹೂಯಿಸೆನ್ ಎಂಬಾತನು ೧೮೧೩ರಲ್ಲಿಯೇ ಇಂತಹ ಉಪಕರಣವನ್ನು ಸೂಚಿಸಿದ್ದುದೂ ನಿಜವೇ. ಆದರೆ ಮನುಷ್ಯರಲ್ಲಿ ಇದನ್ನು ಮೊದಲು ಸಾಧಿಸಿ ತೋರಿದವನು ಸಿವಿಯಾಲನು. ನೆಕ್ಕೇರ್ ಆಸ್ಪತ್ರೆಯಲ್ಲಿ ಅವನು ನಡೆಸಿದ ಮೂತ್ರರೋಗ ವಿಭಾಗವು ಆ ಬಗೆಯವುಗಳಲ್ಲಿ ಜಗತ್ತಿಗೇ ಮೊದಲನೆಯದೆಂದು ಹೆಸರಾಗಿದೆ.

ಇಷ್ಟಕ್ಕೇ ತೃಪ್ತನಾಗಿದ್ದರೆ ಅವನು ಜಾಣನಾದ ಕರ್ಮಕುಶಲಿಗಳಲ್ಲಿ ಒಬ್ಬನಾಗಿ ಉಳಿಯುತ್ತಿದ್ದನು. ತನ್ನ ಕ್ರಮವೇ ಮೇಲೆಂಬುದು ಬಾಯಿಮಾತಿನಿಂದ ಸ್ಥಾಪಿತವಾಗದೆಂದರಿತು, ಅವನು ಯೂರೋಪಿನ ನಾನಾ ದೇಶಗಳ ಆಸ್ಪತ್ರೆಗಳಿಂದ ಲೆಕ್ಕಗಳನ್ನು ತರಿಸಿದನು. ಕೊಯ್ದು ಕಲ್ಲು ತೆಗೆದ ಐದು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳಲ್ಲಿ ಐವರಿಗೆ ಸುಮಾರು ಒಬ್ಬನಂತೆ ಸತ್ತಿದ್ದರು. ಅವನ ಕ್ರಮಕ್ಕೆ ಒಳಗಾದ ೨೫೭ ಮಂದಿಯಲ್ಲಿ ಸತ್ತವರು ನೂರಕ್ಕೆ ಎರಡು ಮೂರರಷ್ಟು ಮಾತ್ರ.

ಅಕಾಡೆಮಿಯು ಈ ಲೆಕ್ಕದ ಪರಿಶೀಲನೆಗೆ ಗಣಿತಜ್ಞ ಪ್ವಾಸೋಂ, ನೆಪೋಲಿಯನ್ನನ ಸೇನಾವೈದ್ಯ ಲಾರೇ, ದ್ಯುಲೋಂ, ದೂಬ್ಲ್ ಎಂಬ ನಾಲ್ವರನ್ನು ನೇಮಿಸಿತು. ೧೮೩೫ರಲ್ಲಿ ಹೊರಬಂದ ಅವರ ವರದಿಯು ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ವೈದ್ಯನ ಎದುರಿಗಿರುವವನು ಒಬ್ಬ ರೋಗಿಯೇ ಹೊರತು ಸರಾಸರಿಯ ಮನುಷ್ಯನಲ್ಲ, ಸಣ್ಣ ಸಂಖ್ಯೆಗಳಿಂದ ದೊಡ್ಡ ನಿರ್ಣಯ ಸಲ್ಲದು ಎಂಬುದು ಅವರ ಆಕ್ಷೇಪದ ಸಾರಾಂಶ. ಇನ್ನೊಂದು ಕೊರತೆಯೂ ಇದ್ದಿತು. ಸಣ್ಣ ಕಲ್ಲಿನವರು, ಶಕ್ತಿಯುಳ್ಳವರು ಹೊಸ ಕ್ರಮದ ಪಾಲಾಗುತ್ತಿದ್ದರು. ದೊಡ್ಡ ಕಲ್ಲಿನವರು ಶಸ್ತ್ರದ ಪಾಲಾಗುತ್ತಿದ್ದರು. ಸಮಾನರಲ್ಲದವರನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತು.

ಆದರೂ ಒಬ್ಬ ವೈದ್ಯನು ತನ್ನ ಕಡೆಯ ಸಾವುಗಳನ್ನೂ ಎಣಿಸಿ ಲೋಕದ ಮುಂದೆ ಇಟ್ಟುದು ಸಾಮಾನ್ಯವಾದ ಧೈರ್ಯವಲ್ಲ. ತಪ್ಪನ್ನು ತೋರಿಸಲು ಸಾಧ್ಯವಾದುದೂ ಲೆಕ್ಕವಿದ್ದುದರಿಂದಲೇ. ಅಕಾಡೆಮಿಯು ಮುಂದೆ ಅವನನ್ನು ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು. ೧೮೬೭ರಲ್ಲಿ ಸಿವಿಯಾಲನು ಪ್ಯಾರಿಸ್ಸಿನಲ್ಲಿ ಕಾಲವಾದನು.

ಅವನಲ್ಲಿ ಕಲಿತ ಇಂಗ್ಲೆಂಡಿನ ಹೆನ್ರಿ ಥಾಮ್ಸನ್ ಎಂಬಾತನು ೧೮೬೩ರಲ್ಲಿ ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನ ಕಲ್ಲನ್ನು ಪುಡಿಮಾಡಿ ಪ್ರಖ್ಯಾತನಾದನು. ಅದೇ ಕೈಯಿಂದ ಅದೇ ಚಿಕಿತ್ಸೆಯನ್ನು ಪಡೆಯುತ್ತಿದ್ದ ಮೂರನೆಯ ನೆಪೋಲಿಯನ್ನನು ೧೮೭೩ರಲ್ಲಿ ಮಡಿದನು. ಒಬ್ಬ ದೊರೆ ಬದುಕಿದುದು ಗುಣವನ್ನು ಸ್ಥಾಪಿಸದು. ಒಬ್ಬ ಚಕ್ರವರ್ತಿ ಸತ್ತುದು ದೋಷವನ್ನು ಸ್ಥಾಪಿಸದು. ಇದೇ ಸಿವಿಯಾಲನ ಬೋಧೆ.

ಅವನ ಉಪಕರಣವು ಈಗ ವಸ್ತುಸಂಗ್ರಹಾಲಯಗಳ ಸೊತ್ತು. ೧೯೮೦ರಲ್ಲಿ ಮ್ಯೂನಿಕ್ ನಗರದ ವೈದ್ಯರು ಹೊರಗಿನಿಂದಲೇ ಆಘಾತತರಂಗಗಳನ್ನು ಹಾಯಿಸಿ ಮೂತ್ರಪಿಂಡದ ಕಲ್ಲನ್ನು ಒಡೆದರು. ಅವನ ಲೆಕ್ಕದ ಮಾರ್ಗವಾದರೋ ದೋಷವನ್ನು ಕಳೆದುಕೊಂಡು ಬೆಳೆದಿದೆ. ಇಟಲಿಯ ಪಾರ್ಮಾ ನಗರದಲ್ಲಿ, ಮೊದಲ ಬಾರಿ ಮೂತ್ರಪಿಂಡದ ಕಲ್ಲು ಕಂಡ ೧೯೯ ಮಂದಿಯನ್ನು, ಚೀಟಿ ಎತ್ತಿದಂತೆ, ವೈದ್ಯನ ಇಷ್ಟಾನಿಷ್ಟಕ್ಕೆ ಬಿಡದೆ ಎರಡು ಪಂಗಡ ಮಾಡಿ ಐದು ವರ್ಷ ನೋಡಿದರು. ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದೆ ಮೂತ್ರವಾಗುವಷ್ಟು ನೀರು ಕುಡಿಯಬೇಕಾಗಿದ್ದ ೯೯ ಮಂದಿಯಲ್ಲಿ ೧೨ ಮಂದಿಗೆ ಮಾತ್ರ ಕಲ್ಲು ಮರಳಿತು. ಉಳಿದ ೧೦೦ ಮಂದಿಯಲ್ಲಿ ೨೭ ಮಂದಿಗೆ ಮರಳಿತು. ಇದು ೧೯೯೬ರಲ್ಲಿ ಪ್ರಕಟವಾಯಿತು. ೨೦೦೨ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಪರೀಕ್ಷೆಯು, ಮೂತ್ರದಲ್ಲಿ ಸುಣ್ಣದಂಶ ಹೆಚ್ಚಾಗಿ ಮತ್ತೆ ಮತ್ತೆ ಕಲ್ಲಾಗುತ್ತಿದ್ದ ೧೨೦ ಗಂಡಸರನ್ನು ಕುರಿತದ್ದು. ಹಾಲು ಮೊದಲಾದ ಸುಣ್ಣದಂಶದ ಆಹಾರವನ್ನು ತಗ್ಗಿಸಿದ ೬೦ ಮಂದಿಯಲ್ಲಿ ೨೩ ಮಂದಿಗೆ ಕಲ್ಲು ಮರಳಿತು. ಅದನ್ನು ಎಂದಿನಂತೆ ಸೇವಿಸಿ ಉಪ್ಪು ಮಾಂಸಗಳನ್ನು ಮಿತಗೊಳಿಸಿದ ೬೦ ಮಂದಿಯಲ್ಲಿ ೧೨ ಮಂದಿಗೆ ಮರಳಿತು. ಕಲ್ಲು ಸುಣ್ಣದಿಂದಾಗುವುದರಿಂದ ಹಾಲನ್ನು ಬಿಡಬೇಕೆಂಬ, ಕೇಳಲು ಯುಕ್ತವಾದ ಉಪದೇಶವು ಎಣಿಕೆಯ ಮುಂದೆ ನಿಲ್ಲಲಿಲ್ಲ.

ನಮ್ಮ ಊರುಗಳಲ್ಲಿ ಕಲ್ಲು ಕರಗಿಸುವೆವೆಂದು ಸಾರುವವರಿಗೆ ಕೊರತೆಯಿಲ್ಲ. ಗುಣವಾದವರ ಹೆಸರುಗಳನ್ನು ಅವರು ಹೇಳುವರು. ಗುಣವಾಗದವರ ಸಂಖ್ಯೆಯನ್ನು ಹೇಳರು. ಔಷಧವು ದೇಶೀಯವಾಗಿರಲಿ ವಿದೇಶೀಯವಾಗಿರಲಿ, ಎಷ್ಟು ಮಂದಿಗೆ ಕೊಟ್ಟಿರಿ, ಎಷ್ಟು ಮಂದಿಗೆ ಫಲಿಸಿತು, ಕೊಡದಿದ್ದವರ ಗತಿಯೇನಾಯಿತು ಎಂದು ಕೇಳುವುದು ಅವಿನಯವಲ್ಲ; ರೋಗಿಯ ಹಕ್ಕು. ಸುಶ್ರುತನ ಕಾಲದಲ್ಲಿ ಅಪ್ಪಣೆ ಕೊಡತಕ್ಕವನು ಪ್ರಭುವಾಗಿದ್ದನು. ಈಗ ಅಪ್ಪಣೆ ಕೊಡತಕ್ಕವನು ರೋಗಿಯೇ ಆಗಿರುವುದರಿಂದ ಲೆಕ್ಕವನ್ನು ನೋಡುವ ಹೊಣೆಯೂ ಅವನದೇ ಆಗಿದೆ.